ತಳ್ಳುವ ಗಾಡಿ ಹಿಂದಕ್ಕೆ ಮಗುಚುತ್ತಿದೆ: ಹಿಡಿಕೆ ಎಲ್ಲಿರಬೇಕು, ಗಾಲಿ ಎಂಥದ್ದಾಗಬೇಕು?

ಕೆಲಗೇರಿ ಅಜ್ಜ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ನಿವೃತ್ತ ಶಿಕ್ಷಕ. ಕಟ್ಟಿಗೆ ಕೆಲಸ ನನ್ನ ಕಸುಬಲ್ಲ, ಕೈ ಸುಮ್ಮನಿರದ ಕಾರಣಕ್ಕೆ ಹತ್ತಿದ ಹವ್ಯಾಸ. ಮೊಮ್ಮಗನಿಗೆ ಈಗ 11 ತಿಂಗಳು. ಗೋಡೆ, ಮಂಚ, ಅಜ್ಜಿಯ ಸೀರೆಯ ನೆರಿಗೆ, ಯಾವುದು ಕೈಗೆ ಸಿಕ್ಕರೂ ಹಿಡಿದು ಎದ್ದು ನಿಲ್ಲುತ್ತಾನೆ. ನಾವು ಚಿಕ್ಕವರಿದ್ದಾಗ ಓಣಿಯ ಮನೆಮನೆಗಳಲ್ಲಿ ಸರದಿಯ ಮೇಲೆ ಓಡಾಡುತ್ತಿದ್ದ ಕಟ್ಟಿಗೆಯ ತಳ್ಳುವ ಗಾಡಿಯೊಂದನ್ನು ಅವನಿಗೂ ಮಾಡಿಕೊಡೋಣವೆಂದು ಹೊರಟೆ.

ಹಳೆಯ ಮನೆ ಬಿಚ್ಚಿದಾಗ ತೆಗೆದಿಟ್ಟಿದ್ದ ಸಾಗವಾನಿ ಕಿಟಕಿಯ ಚೌಕಟ್ಟನ್ನು ಬಳಸಿದ್ದೇನೆ. ಹಲಗೆ 45 ಸೆಂಟಿಮೀಟರ್ ಉದ್ದ, 30 ಅಗಲ. ಹಿಂದಿನ ಅಚ್ಚು ಹಲಗೆಯ ಹಿಂದಿನ ಅಂಚಿನಿಂದ 7 ಸೆಂಟಿಮೀಟರ್ ಒಳಗಿದೆ, ಮುಂದಿನದೂ ಹಾಗೆಯೇ. ಹಿಡಿಕೆ ಹಿಂದಿನ ಅಂಚಿನಲ್ಲಿ ನೆಟ್ಟಗೆ ನಿಂತಿದ್ದು, ನೆಲದಿಂದ 48 ಸೆಂಟಿಮೀಟರ್ ಎತ್ತರವಿದೆ. ಗಾಲಿಗಳು 5 ಸೆಂಟಿಮೀಟರಿನವು. ಒಟ್ಟು ತೂಕ ಎರಡೂವರೆ ಕಿಲೋ.

ಮೊದಲ ದಿನ ಅವನು ಹಿಡಿಕೆ ಹಿಡಿದು ಏಳಲು ಹೋದಾಗ ಗಾಡಿಯ ಮೂತಿ ಮೇಲೆದ್ದು, ಅವನು ಕುಂಡೆಯ ಮೇಲೆ ಕುಳಿತುಬಿಟ್ಟ, ಅಳಲಿಲ್ಲ. ಎರಡನೆಯ ದಿನ ಪಡಸಾಲೆಯ ಟೈಲ್ಸ್ ಮೇಲೆ ಗಾಡಿ ಅವನನ್ನು ಬಿಟ್ಟು ಮುಂದೆ ಓಡಿತು, ಅವನು ಬೋರಲು ಬಿದ್ದು ತುಟಿ ಒಡೆದುಕೊಂಡ. ಸೊಸೆ ಒಂದು ಮಾತೂ ಆಡದೆ ಗಾಡಿಯನ್ನು ಅಟ್ಟಕ್ಕೆ ಸೇರಿಸಿದ್ದಾಳೆ. ಬಯ್ದಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ತಪ್ಪು ಎಲ್ಲಿದೆ, ಕೊನೆಗೆ ಯಾವ ಎಣ್ಣೆ ಅಥವಾ ಬಣ್ಣ ಹಚ್ಚಬೇಕು ಎಂದು ತಿಳಿದವರು ಹೇಳಬೇಕು.

ಗದಗಿನ ಬಡಿಗ

ಗುರುಗಳೇ, ಸೊಸೆಯವರು ಮಾಡಿದ್ದು ಸರಿಯಾಗಿದೆ, ಮೊದಲು ಅದನ್ನು ಒಪ್ಪಿಕೊಳ್ಳೋಣ. ನಿಮ್ಮ ಕೆಲಸದಲ್ಲಿ ಕೈತಪ್ಪಿಲ್ಲ, ಲೆಕ್ಕ ತಪ್ಪಿದೆ.

ಮಗು ಗಾಡಿಯನ್ನು ತಳ್ಳುವ ಮೊದಲು ಅದನ್ನು ಹಿಡಿದು ಏಳುತ್ತದೆ, ಏಳುವಾಗ ಹಿಡಿಕೆಯನ್ನು ಕೆಳಕ್ಕೂ ತನ್ನ ಕಡೆಗೂ ಎಳೆಯುತ್ತದೆ. ಗಾಡಿಗೆ ಅತಿ ಕಠಿಣ ಪರೀಕ್ಷೆ ಇದೇ. ನಿಮ್ಮ ಹಿಡಿಕೆ ಹಿಂದಿನ ಅಚ್ಚಿಗಿಂತ 7 ಸೆಂಟಿಮೀಟರ್ ಹಿಂದಿರುವುದರಿಂದ ಕೆಳಕ್ಕೆ ಒತ್ತಿದಷ್ಟೂ ಮೂತಿ ಏಳುತ್ತದೆ, ಬಾವಿಯ ಏತದ ಹಾಗೆ. ಇನ್ನು ಹಿಂದಕ್ಕೆ ಎಳೆದಾಗಿನ ಲೆಕ್ಕ ನೋಡಿ. ಹಿಡಿಕೆಯ ಭಾರವೂ ಹಿಂದೆಯೇ ಇರುವುದರಿಂದ ಗಾಡಿಯ ತೂಕದ ನಡುಬಿಂದು ಹಿಂದಿನ ಅಚ್ಚಿನಿಂದ ಸುಮಾರು 12 ಸೆಂಟಿಮೀಟರ್ ಮುಂದಿದೆ ಎಂದಿಟ್ಟುಕೊಳ್ಳೋಣ. ಎರಡೂವರೆಯನ್ನು 12ರಿಂದ ಗುಣಿಸಿದರೆ 30. ಅದನ್ನು ಹಿಡಿಕೆಯ ಎತ್ತರವಾದ 48ರಿಂದ ಭಾಗಿಸಿದರೆ 0.625. ಅಂದರೆ ಹಿಂದಿನ ಗಾಲಿ ಮಗುವಿನ ಕಾಲಿಗೋ ಫರಸಿಯ ಸಂದಿಗೋ ತಡೆದು ನಿಂತಾಗ, ಬರೀ 625 ಗ್ರಾಂ ಎಳೆತಕ್ಕೆ ಗಾಡಿ ಮಗುಚುತ್ತದೆ. ನಿಮ್ಮ ಮೊಮ್ಮಗ ಎಂಟೊಂಬತ್ತು ಕಿಲೋ ಇದ್ದಾನು.

ಪರಿಹಾರ ಎರಡು ಭಾಗದ್ದು. ಹಿಂದಿನ ಗಾಲಿಗಳನ್ನು ಹಲಗೆಯ ಕೆಳಗೆ ಇಡಬೇಡಿ. ಹಲಗೆಯ ಎರಡು ಪಕ್ಕಗಳಿಂದ ಹಿಂದಕ್ಕೆ ಚಾಚುವ ಎರಡು ತೋಳುಗಳನ್ನು ಕೂಡಿಸಿ, ಅವುಗಳ ತುದಿಗೆ ಒಂದೊಂದು ಗಾಲಿ ಹಾಕಿ. ಗಾಲಿಯಿಂದ ಗಾಲಿಗೆ ಅಡ್ಡ ಅಚ್ಚು ಇರಬಾರದು, ಏಕೆಂದರೆ ಮಗು ಆ ಎರಡು ತೋಳುಗಳ ನಡುವೆ ನಡೆಯುತ್ತದೆ ಮತ್ತು ಅದರ ಹೆಜ್ಜೆಗೆ ಏನೂ ಅಡ್ಡ ಬರಬಾರದು. ಒಳಗಿನ ಅಂತರ 34 ಸೆಂಟಿಮೀಟರ್ ಇದ್ದರೆ ಸಾಕು. ಆಗ ಹಿಡಿಕೆ ತಾನಾಗಿಯೇ ಹಿಂದಿನ ಗಾಲಿಗಿಂತ ಮುಂದೆ ಬಂದು, ಮಗು ಕೆಳಕ್ಕೆ ಒತ್ತಿದರೆ ಗಾಡಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಎರಡನೆಯದಾಗಿ, ಮುಂದಿನ ಅಚ್ಚಿನ ಮೇಲೆ ಒಂದು ಇಟ್ಟಿಗೆಯನ್ನು ಇಡಿ. ಇಟ್ಟಿಗೆ ಸುಮಾರು ಮೂರು ಕಿಲೋ ತೂಗುತ್ತದೆ. ಅದನ್ನು ಬಟ್ಟೆಯಲ್ಲಿ ಹೊಲಿದು, ಸ್ಕ್ರೂ ಹಾಕಿ ಮುಚ್ಚಿದ ಪೆಟ್ಟಿಗೆಯೊಳಗೆ ಬಿಗಿಯಾಗಿ ಕೂರಿಸಬೇಕು. ತೋಳಿನಿಂದ ಹಿಂದಿನ ಗಾಲಿ 8 ಸೆಂಟಿಮೀಟರ್ ಹಿಂದೆ ಸರಿದು, ಮುಂದೆ ಮೂರು ಕಿಲೋ ಕೂತರೆ, ಅದೇ ಲೆಕ್ಕದಲ್ಲಿ ಉತ್ತರ ಸುಮಾರು ಮೂರೂವರೆ ಕಿಲೋ ಬರುತ್ತದೆ.

ಲೆಕ್ಕವನ್ನು ನಂಬಬೇಡಿ, ಅಳೆದು ನೋಡಿ. ರದ್ದಿ ಪೇಪರ್ ಕೊಳ್ಳುವವರ ಕೈಯಲ್ಲಿರುವಂಥ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹಿಡಿಕೆಗೆ ಸಿಕ್ಕಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ನೆಲಕ್ಕೆ ಸಮನಾಗಿ ಮೆಲ್ಲಗೆ ಎಳೆಯಿರಿ. ಮೂತಿ ಏಳುವ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಎಂಬುದೇ ಉತ್ತರ. ಮೂರು ಕಿಲೋಕ್ಕಿಂತ ಕಡಿಮೆ ಬಂದರೆ ನಾನಂತೂ ಮನೆಯಿಂದ ಹೊರಗೆ ಕೊಡುವುದಿಲ್ಲ.

ನವನಗರದ ಇಂಜಿನಿಯರ್

ಬಡಿಗರ ಲೆಕ್ಕಕ್ಕೆ ನನ್ನದೂ ಒಪ್ಪಿಗೆ. ಆದರೆ ತುಟಿ ಒಡೆದದ್ದು ಮಗುಚಿದ್ದರಿಂದಲ್ಲ, ಗಾಡಿ ಓಡಿದ್ದರಿಂದ. ಆ ಭಾಗ ಉಳಿದಿದೆ.

ನಾವು ಗಾಲಿ ಮಾಡುವಾಗ ಅದು ಸರಾಗವಾಗಿ ತಿರುಗಿದಷ್ಟೂ ಒಳ್ಳೆಯದೆಂದು ಹೆಮ್ಮೆಪಡುತ್ತೇವೆ. ಎತ್ತಿನ ಬಂಡಿಗೆ ಅದು ಸರಿ. ಹೆಜ್ಜೆ ಕಲಿಯುವ ಮಗುವಿನ ಗಾಡಿಗೆ ಹಿಂದಿನ ಎರಡು ಗಾಲಿಗಳು ಸ್ವಲ್ಪ ಮೊಂಡಾಗಿಯೇ ತಿರುಗಬೇಕು, ಮಗು ನಿಂತರೆ ಗಾಡಿಯೂ ನಿಲ್ಲಬೇಕು. ತೋಳಿನ ತುದಿಯ ಪ್ರತಿ ಗಾಲಿಗೆ 8 ಮಿಲಿಮೀಟರಿನ ಬೋಲ್ಟ್ ಹಾಕಿ, ಗಾಲಿಯ ಎರಡೂ ಬದಿಗೆ ಚರ್ಮದ ವಾಷರ್ ಕೊಟ್ಟು, ಒಳಗೆ ನೈಲಾನ್ ಇರುವ ನಟ್ಟಿನಿಂದ ಬಿಗಿ ಮಾಡಿ. ಚಪ್ಪಲಿ ಹೊಲಿಯುವವರು ಹಳೆಯ ಚರ್ಮದಲ್ಲಿ ಅಂಥ ಬಿಲ್ಲೆಗಳನ್ನು ಕ್ಷಣದಲ್ಲಿ ಕತ್ತರಿಸಿ ಕೊಡುತ್ತಾರೆ. ಆ ನಟ್ಟು ಬೇರೆ ನಟ್ಟುಗಳಂತೆ ತಿರುಗಿ ಸಡಿಲವಾಗುವುದಿಲ್ಲ, ಮತ್ತು ಮಗು ಬೆಳೆದಂತೆ ಕಾಲು ಸುತ್ತು ಸಡಿಲಿಸಿ ಗಾಡಿಯನ್ನು ಹಗುರ ಮಾಡಿಕೊಡಬಹುದು. ಒಂದು ಮೀಟರ್ ಉದ್ದದ ಹಲಗೆಯ ಮೇಲೆ ಗಾಡಿ ಇಟ್ಟು ಒಂದು ತುದಿಯನ್ನು 10 ಸೆಂಟಿಮೀಟರ್ ಎತ್ತಿದಾಗಲೂ ಅದು ತಾನಾಗಿ ಉರುಳದಿದ್ದರೆ ಬಿಗಿ ಸರಿಯಾಗಿದೆ ಎಂದರ್ಥ.

ಗಾಲಿಯ ಅಳತೆ 5 ಸೆಂಟಿಮೀಟರ್ ತೀರ ಚಿಕ್ಕದಾಯಿತು. ಟೈಲ್ಸ್ ಮೇಲೆ ನಡೆದೀತು, ಫರಸಿಯ ಸಂದಿ ಅಥವಾ ಹೊಸ್ತಿಲ ಪಟ್ಟಿ ಬಂದರೆ ಗಕ್ಕನೆ ನಿಲ್ಲುತ್ತದೆ, ಮಗು ಹಿಡಿಕೆಯ ಮೇಲಿಂದ ಮುಗ್ಗರಿಸುತ್ತದೆ. 9 ಅಥವಾ 10 ಸೆಂಟಿಮೀಟರ್ ಮಾಡಿ. ಹೊರಸುತ್ತಿಗೆ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ, ಎಳೆದು ಏರಿಸಿ, ಪಂಕ್ಚರ್ ಅಂಗಡಿಯ ಅಂಟಿನಿಂದ ಕೂರಿಸಿ. ಟೈಲ್ಸ್ ಮೇಲೆ ಜಾರುವುದೂ ನಿಲ್ಲುತ್ತದೆ, ಕೆಳಗಿನ ಮನೆಯವರ ದೂರೂ ನಿಲ್ಲುತ್ತದೆ.

ಇನ್ನೊಂದು ಮಾತು: ಗಾಲಿಗೂ ತೋಳಿಗೂ ನಡುವಿನ ಸಂದಿ 5 ಮಿಲಿಮೀಟರಿಗಿಂತ ಕಡಿಮೆ ಇರಲಿ, ಇಲ್ಲವೇ 12 ಮಿಲಿಮೀಟರಿಗಿಂತ ಹೆಚ್ಚಿರಲಿ. ಈ ಎರಡರ ನಡುವಿನ ಸಂದಿಯಲ್ಲಿ ಎಳೆಯ ಬೆರಳು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಹಾವೇರಿ ಅಕ್ಕ

ಗಾಲಿಯ ವಿಷಯಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಅಕ್ಕನ ಮಗಳಿಗೆಂದು ಮಾಡಿದ ಗಾಡಿಗೆ ನಾನು ಜಾಲಿಯ ಕೊಂಬೆಯನ್ನು ಸೌತೆಕಾಯಿ ಹೆಚ್ಚಿದಂತೆ ಅಡ್ಡ ಕೊಯ್ದು ನಾಲ್ಕು ಗಾಲಿ ಮಾಡಿದ್ದೆ. ಉಂಗುರ ಉಂಗುರವಾಗಿ ನೋಡಲು ಬಹಳ ಚೆಂದವಿದ್ದವು. ಬೇಸಿಗೆಯಲ್ಲಿ ಒಂದೊಂದಾಗಿ ನಡುವಿನಿಂದ ಅಂಚಿನವರೆಗೆ ಸೀಳಿ, ಹೋಳಿಗೆಯ ತುಂಡು ಎತ್ತಿದಂತೆ ಬಾಯಿ ಬಿಟ್ಟವು. ಕಟ್ಟಿಗೆ ಒಣಗುವಾಗ ಉಂಗುರದ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗು ನಡುವಿನಿಂದ ಹೊರಕ್ಕೆ ಆಗುವುದರ ಹೆಚ್ಚುಕಡಿಮೆ ಎರಡು ಪಟ್ಟು ಎಂಬುದನ್ನು ಆಮೇಲೆ ಕಟ್ಟಿಗೆ ಅಡ್ಡೆಯ ಹಿರಿಯರಿಂದ ತಿಳಿದೆ. ಬಂಡಿಯ ಗಾಲಿಯನ್ನು ನಮ್ಮ ಹಿಂದಿನವರು ಇಡೀ ಮರದ ಬಿಲ್ಲೆಯಿಂದ ಮಾಡದೆ ಗುಂಬ, ಅರ, ಸುತ್ತಿನ ಹೋಳುಗಳೆಂದು ಬೇರೆಬೇರೆ ಜೋಡಿಸಿದ್ದು ಇದನ್ನೆಲ್ಲ ಬಲ್ಲವರಾಗಿದ್ದರಿಂದಲೇ ಇರಬೇಕು.

ಈಗ ನಾನು ತೆಳು ಹಲಗೆಯ ಎರಡು ತುಂಡುಗಳನ್ನು ಒಂದರ ಎಳೆ ಇನ್ನೊಂದರ ಎಳೆಗೆ ಅಡ್ಡವಾಗುವಂತೆ ಅಂಟಿಸಿ, ಒಂದು ರಾತ್ರಿ ಶಿಕಂಜೆಯಲ್ಲಿ ಬಿಗಿದಿಟ್ಟು, ನಂತರ ಗುಂಡಗೆ ಕೊಯ್ಯುತ್ತೇನೆ. ಒಂದೂ ಸೀಳಿಲ್ಲ.

ಎಣ್ಣೆಯ ಬಗ್ಗೆ ಕೇಳಿದ್ದೀರಿ. ಗಾಣದ ಅಗಸಿ ಎಣ್ಣೆ ಒಳ್ಳೆಯದು. ಆದರೆ ಅದು ತಾನಾಗಿ ಗಟ್ಟಿಯಾಗಲು ವಾರಗಳೇ ಬೇಕು. ತೆಳ್ಳಗೆ ಹಚ್ಚಿ, ಅರ್ಧ ತಾಸಿನ ನಂತರ ಪೂರ್ತಿ ಒರೆಸಿ, ಬಿಸಿಲು ಗಾಳಿಯಲ್ಲಿಡಿ. ಒಮ್ಮೆಗೇ ಸುರಿದರೆ ತಿಂಗಳಾದರೂ ಕೈಗೆ ಅಂಟುತ್ತದೆ. ಬಣ್ಣದ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ, ಬೇಗ ಒಣಗುವ ಅಗಸಿ ಎಣ್ಣೆಯನ್ನು ಮಕ್ಕಳ ಆಟಿಕೆಗೆ ತರಬೇಡಿ. ಅದು ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ.

ಒರೆಸಿದ ಬಟ್ಟೆಯ ವಿಷಯದಲ್ಲಿ ಎಚ್ಚರ. ನಾನು ಅಂಥ ನಾಲ್ಕಾರು ಚಿಂದಿಗಳನ್ನು ಮುದ್ದೆ ಮಾಡಿ ಹಿತ್ತಲಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎಸೆದಿದ್ದೆ. ಸಂಜೆ ಸುಟ್ಟ ವಾಸನೆ ಬಂತೆಂದು ಹೋಗಿ ನೋಡಿದರೆ ಬುಟ್ಟಿಯ ತಳ ಕರಗಿ, ಚಿಂದಿಯ ನಡುವೆ ಕೆಂಡ ಉಸಿರಾಡುತ್ತಿತ್ತು. ಯಾರೂ ಬೆಂಕಿ ಹಚ್ಚಿರಲಿಲ್ಲ. ಅಗಸಿ ಎಣ್ಣೆ ಗಾಳಿಯನ್ನು ಹೀರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಾಗಿದ್ದರೆ ಆ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಚಿಂದಿಯನ್ನು ತಂತಿಯ ಮೇಲೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಓಣಿಯ ಕಾಕಾ

ಇಷ್ಟೆಲ್ಲ ಏಕೆ ಬೇಕು? ಮನೆಯಲ್ಲಿರುವ ಕೊಬ್ಬರಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಹಚ್ಚಿದರೆ ಆಗದೇ? ತಿನ್ನುವ ಎಣ್ಣೆ, ಬಾಯಿಗೆ ಹೋದರೂ ತೊಂದರೆಯಿಲ್ಲ.

ಹಾವೇರಿ ಅಕ್ಕ

ಕಾಕಾ, ಅವು ಒಣಗುವ ಎಣ್ಣೆಗಳಲ್ಲ. ಹಾಗೇ ಜಿಡ್ಡಾಗಿ ಉಳಿದು, ಧೂಳು ಹಿಡಿದು, ಕೆಲವು ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ಶೇಂಗಾ ಕೆಲವು ಮಕ್ಕಳ ಮೈಗೆ ಆಗುವುದೂ ಇಲ್ಲ. ಅಗಸಿ ಸಿಗದಿದ್ದರೆ ಕುಸುಬಿ ಎಣ್ಣೆಗೆ ಸ್ವಲ್ಪ ಜೇನುಮೇಣ ಕರಗಿಸಿ ಹಚ್ಚಬಹುದು.

ವಿದ್ಯಾನಗರದ ರಸಾಯನ ಮೇಷ್ಟ್ರು

ಎಲ್ಲರೂ ಗಾಲಿ, ಎಣ್ಣೆ ಎಂದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಗುರುಗಳ ಮೊದಲ ಬರಹದ ಒಂದೇ ಮಾತಿನಲ್ಲಿ ಸಿಕ್ಕಿಕೊಂಡಿದೆ. ಹಳೆಯ ಮನೆಯ ಕಿಟಕಿಯ ಚೌಕಟ್ಟು ಎಂದಿದ್ದಾರೆ. ಗುರುಗಳೇ, ಅದಕ್ಕೆ ಎಣ್ಣೆಬಣ್ಣ ಇತ್ತೇ? ಇದ್ದರೆ ಅದನ್ನು ಹೇಗೆ ತೆಗೆದಿರಿ?

ಕೆಲಗೇರಿ ಅಜ್ಜ

ಒಂದು ಮಗ್ಗುಲಿಗೆ ಹಸಿರು ಬಣ್ಣ ಇತ್ತು, ಎರಡು ಮೂರು ಪದರವೇ ಇದ್ದಿರಬೇಕು. ರಂದಾ ಹೊಡೆದು, ಉಳಿದದ್ದನ್ನು ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದೆ. ಕೆಲಸ ನಡೆದದ್ದು ಹಿಂದಿನ ವರಾಂಡದಲ್ಲಿ. ಮೊಮ್ಮಗ ಅಲ್ಲಿಯೇ ಬಾಗಿಲ ಬಳಿ ಕುಳಿತು ನೋಡುತ್ತಿದ್ದ.

ವಿದ್ಯಾನಗರದ ರಸಾಯನ ಮೇಷ್ಟ್ರು

ಹೆದರಿಸಲು ಹೇಳುತ್ತಿಲ್ಲ, ಆದರೆ ಇದನ್ನು ತಳ್ಳಿಹಾಕುವಂತಿಲ್ಲ. ಹಳೆಯ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಹಸಿರು, ಹಳದಿ, ಕೆಂಪುಗಳಲ್ಲಿ, ಸೀಸದ ಸಂಯುಕ್ತಗಳು ಸಾಮಾನ್ಯವಾಗಿ ಇರುತ್ತಿದ್ದವು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ನಮ್ಮ ದೇಶದಲ್ಲಿ ನಿಯಮ ಬಂದದ್ದೇ 2016ರಲ್ಲಿ, ತಯಾರಕರಿಗೆ ಅದು ಅನ್ವಯವಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿತ್ತೆಂದು ಕಣ್ಣಿನಿಂದ ಹೇಳಲಾಗದು. ಗೋಡೆಗೆ ಅಂಟಿಕೊಂಡಿರುವ ಬಣ್ಣಕ್ಕಿಂತ ಉಜ್ಜಿದಾಗ ಏಳುವ ಧೂಳು ಹೆಚ್ಚು ಅಪಾಯ, ಏಕೆಂದರೆ ಅಂಬೆಗಾಲಿಡುವ ಮಗುವಿನ ಕೈ ನೆಲಕ್ಕೂ ಬಾಯಿಗೂ ನಡುವೆ ದಿನವಿಡೀ ಓಡಾಡುತ್ತದೆ, ಮತ್ತು ಒಳಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ.

ಆ ಕಟ್ಟಿಗೆಯನ್ನು ಆಟಿಕೆಗೆ ಬಳಸಬೇಡಿ. ಒಲೆಗೂ ಹಾಕಬೇಡಿ, ಹೊಗೆಯಲ್ಲಿಯೂ ಸೀಸ ಬರುತ್ತದೆ. ವರಾಂಡವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿ. ಮಗುವಿನ ವೈದ್ಯರಿಗೆ ನಡೆದದ್ದನ್ನು ಹೇಳಿ, ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ.

ಕೆಲಗೇರಿ ಅಜ್ಜ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನೀವು ಹೇಳಿದಂತೆ ಒರೆಸಿದ್ದೇವೆ, ನಾಳೆ ವೈದ್ಯರಲ್ಲಿಗೆ ಹೋಗುತ್ತೇವೆ. ಹೊಸ ಕಟ್ಟಿಗೆ ಯಾವುದು ತರಲಿ?

ಗದಗಿನ ಬಡಿಗ

ಬೇವು ತರಬಹುದು, ಅದಕ್ಕೆ ಹುಳು ಬೇಗ ಹತ್ತುವುದಿಲ್ಲ. ಆದರೆ ಚೆನ್ನಾಗಿ ಒಣಗಿದ್ದನ್ನೇ ನೋಡಿ ಕೊಳ್ಳಬೇಕು, ಹಸಿ ಬೇವು ಸೊಟ್ಟಗಾಗುತ್ತದೆ. ಶಿವಣಿ ಹಗುರ, ರಂದಾಕ್ಕೆ ಬೆಣ್ಣೆಯ ಹಾಗೆ, ಒಣಗಿದ ಮೇಲೆ ಅಳತೆ ಅಷ್ಟಾಗಿ ಬದಲಾಗುವುದಿಲ್ಲ. ಕೈಪಳಗುವ ಹವ್ಯಾಸಿಗೆ ನಾನು ಅದನ್ನೇ ಹೇಳುತ್ತೇನೆ. ತೋಳುಗಳಿಗೆ ಮಾತ್ರ ಜಾಲಿ ಅಥವಾ ಸಾಗವಾನಿ ಇರಲಿ.

ಅಗ್ಗವೆಂದು ಕಾರ್ಖಾನೆಯ ಪ್ಯಾಕಿಂಗ್ ಪೆಟ್ಟಿಗೆಯ ಕಟ್ಟಿಗೆ ತರುವವರು ಅದರ ಮೇಲಿನ ಸುಟ್ಟ ಮುದ್ರೆ ನೋಡಿ. ಗೋಧಿ ತೆನೆಯ ಗುರುತಿನ ಪಕ್ಕ 'ಎಚ್‌ಟಿ' ಎಂದಿದ್ದರೆ ಬರೀ ಬಿಸಿ ಕೊಟ್ಟದ್ದು. 'ಎಂಬಿ' ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹೊಡೆದದ್ದು, ಅದು ಬೇಡ. ಮುದ್ರೆಯೇ ಇಲ್ಲದಿದ್ದರೆ ಅದರ ಮೇಲೆ ಏನು ಚೆಲ್ಲಿತ್ತೋ ಯಾರು ಬಲ್ಲರು.

ಕಲಘಟಗಿಯ ಓದುಗ

ನಮ್ಮೂರ ತೊಟ್ಟಿಲಿಗೆ ಅರಗಿನ ಬಣ್ಣ ಹಾಕುತ್ತಾರೆ, ಹತ್ತಾರು ವರ್ಷವಾದರೂ ಮಾಸುವುದಿಲ್ಲ. ತಳ್ಳುವ ಗಾಡಿಗೂ ಅದನ್ನೇ ಹಾಕಿಸಬಾರದೇಕೆ? ಚನ್ನಪಟ್ಟಣದ ಗೊಂಬೆಗಳಿಗೂ ಅರಗೇ ಅಲ್ಲವೇ?

ಗದಗಿನ ಬಡಿಗ

ಹಾಕಿಸಬಹುದು, ಆದರೆ ಎಲ್ಲ ಕಡೆಗೆ ಆಗದು. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಕಟ್ಟಿಗೆಗೆ ಹತ್ತುತ್ತದೆ, ಮೇಲೆ ಕೇದಗೆ ಗರಿಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ದುಂಡಗಿನ ಹಿಡಿಕೆಗೂ ಗಾಲಿಗೂ ಇದು ಸರಿ, ಚಪ್ಪಟೆ ಹಲಗೆಯನ್ನು ಲೇತಿಗೆ ಕಟ್ಟಲಾಗದು. ಹಿಡಿಕೆಯನ್ನಾದರೂ ಅರಗಿನಲ್ಲಿ ಮಾಡಿಸಿ. ಮಗು ಮೊದಲು ಕಚ್ಚುವುದು ಅದನ್ನೇ.

ಹೊಸೂರಿನ ತಾಯಿ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಮಗುವನ್ನು ಒಳಗೆ ಕೂರಿಸುವ ಗಾಲಿ ವಾಕರನ್ನು ಕೆನಡಾ ದೇಶ 2004ರಲ್ಲೇ ನಿಷೇಧಿಸಿದೆ ಎಂದು ನಮ್ಮ ವೈದ್ಯರು ಹೇಳಿದ್ದರು. ಈ ಗಾಡಿಯೂ ಅದೇ ಜಾತಿಯದಲ್ಲವೇ?

ನವನಗರದ ಇಂಜಿನಿಯರ್

ಅಲ್ಲ, ಅಕ್ಕನವರೇ. ಅದರಲ್ಲಿ ಮಗು ತೂಗುಬಿದ್ದು ಕಾಲಿನಿಂದ ನೆಲ ಒದೆಯುತ್ತದೆ, ತನ್ನ ಶಕ್ತಿಗೆ ಮೀರಿದ ವೇಗದಲ್ಲಿ ಮೆಟ್ಟಿಲವರೆಗೆ ಹೋಗುತ್ತದೆ. ಇದರಲ್ಲಿ ತನ್ನ ಭಾರವನ್ನು ತಾನೇ ಹೊರಬೇಕು, ಕೈ ಬಿಟ್ಟರೆ ಗಾಡಿ ನಿಲ್ಲಬೇಕು. ಗಾಲಿ ಮೊಂಡಾಗಿರಲಿ ಎಂದು ನಾನು ಹಟ ಹಿಡಿದದ್ದೂ ಅದಕ್ಕೇ. ಇನ್ನು ಗಾಡಿಯಿಂದ ಮಗು ಬೇಗ ನಡೆಯುತ್ತದೆ ಎಂಬುದೇನೂ ಇಲ್ಲ. ಆರೋಗ್ಯವಂತ ಮಕ್ಕಳು 8ರಿಂದ 18 ತಿಂಗಳೊಳಗೆ ಯಾವಾಗ ಬೇಕಾದರೂ ಸ್ವತಃ ನಡೆಯುತ್ತವೆ. ಇದು ಆಟಿಕೆ ಅಷ್ಟೆ. ಮೆಟ್ಟಿಲು, ಇಳಿಜಾರು ಇರುವ ಕಡೆ ಇದನ್ನೂ ಕೊಡಬಾರದು.

ಹಾನಗಲ್ಲಿನ ಹುಡುಗ

ನಾನು ಇಂಥವನ್ನು ಮಾಡಿ ಮಾರಬೇಕೆಂದಿದ್ದೇನೆ. ಪರವಾನಗಿ ಏನಾದರೂ ಬೇಕೇ?

ವಿದ್ಯಾನಗರದ ರಸಾಯನ ಮೇಷ್ಟ್ರು

ಮೊಮ್ಮಗನಿಗೆ ಮಾಡಿಕೊಡಲು ಏನೂ ಬೇಡ, ಮಾರಲು ಬೇಕು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಐಎಸ್ 9873 ಎಂಬುದು ಅದರ ಮುಖ್ಯ ಮಾನದಂಡ. ಅಭಿವೃದ್ಧಿ ಆಯುಕ್ತರ ಕರಕುಶಲ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ನೀನು ಮೊದಲು ಆ ದಾರಿ ವಿಚಾರಿಸು. ವಿನಾಯಿತಿ ಸಿಕ್ಕರೂ ಅಳತೆಗಳನ್ನು ಪಾಲಿಸು: ಮೂರು ವರ್ಷದೊಳಗಿನವರ ಆಟಿಕೆಯಿಂದ ಕಳಚಿ ಬರುವ ಯಾವ ತುಂಡೂ 31.7 ಮಿಲಿಮೀಟರ್ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಮುಳುಗಬಾರದು. ಮುಂದೆ ಹಗ್ಗ ಕಟ್ಟುವುದಾದರೆ ಒಂದೂವರೆ ವರ್ಷದೊಳಗಿನವರಿಗೆ 22 ಸೆಂಟಿಮೀಟರ್ ಮೀರಬಾರದು.

ಕೆಲಗೇರಿ ಅಜ್ಜ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ರಕ್ತದ ವರದಿ ನೋಡಿದ ವೈದ್ಯರು ಚಿಂತೆಗೆ ಕಾರಣವಿಲ್ಲ ಎಂದಿದ್ದಾರೆ. ಮೇಷ್ಟ್ರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಹೊಸ ಗಾಡಿ ಶಿವಣಿಯದು, ತೋಳುಗಳು ಜಾಲಿಯವು. ಗಾಲಿಗಳು ಹಾವೇರಿ ಅಕ್ಕನವರ ರೀತಿಯಲ್ಲಿ ಎಳೆಗೆ ಎಳೆ ಅಡ್ಡ ಅಂಟಿಸಿ ಕೊಯ್ದವು, 9 ಸೆಂಟಿಮೀಟರಿನವು. ಹಿಂದಿನವಕ್ಕೆ ಬೋಲ್ಟು, ಚರ್ಮ. ಮುಂದಿನವಕ್ಕೆ ಮಾತ್ರ ಕಟ್ಟಿಗೆಯ ಅಚ್ಚನ್ನೇ ಉಳಿಸಿಕೊಂಡೆ, ಅದು ನನ್ನ ಹಟ. ಇಟ್ಟಿಗೆ ಒಳಗಿದೆ. ಹಿಡಿಕೆಯನ್ನು ಲೇತಿನಲ್ಲಿ ಅರಗು ಹಾಕಿಸಿ ತರಿಸಿದೆ, ಬಣ್ಣ ಹಳದಿ. ರದ್ದಿಯವನನ್ನು ಕರೆದು ತಕ್ಕಡಿ ಕೇಳಿದಾಗ ಅವನು ಮೊದಲು ನನ್ನನ್ನೇ ತೂಗುವಂತೆ ನೋಡಿದ. ಎಳೆದು ತೋರಿಸಿದ ಮೇಲೆ ತಾನೇ ನಾಲ್ಕು ಸಲ ಎಳೆದ. ನಾಲ್ಕು ಸಲವೂ ಮುಳ್ಳು 3 ಕಿಲೋ 600 ಗ್ರಾಂ ಆಸುಪಾಸಿನಲ್ಲಿ ಇತ್ತು. ಸೊಸೆ ಹಲಗೆ ಎತ್ತಿ ಇಳಿಜಾರಿನ ಪರೀಕ್ಷೆಯನ್ನು ತನ್ನ ಕೈಯಾರೆ ಮಾಡಿ ನೋಡಿ, ನಂತರವೇ ಗಾಡಿಯನ್ನು ನೆಲಕ್ಕಿಳಿಸಲು ಬಿಟ್ಟಳು.

ಮೊಮ್ಮಗ ತಳ್ಳುತ್ತಾನೆ. ತಳ್ಳುವುದಕ್ಕಿಂತ ಹೆಚ್ಚು ಹೊತ್ತು ಅದರಲ್ಲಿ ಉಳ್ಳಾಗಡ್ಡಿ, ಚಮಚ, ಅಜ್ಜಿಯ ಕನ್ನಡಕದ ಡಬ್ಬಿ ತುಂಬಿಸಿ ಖಾಲಿ ಮಾಡುತ್ತಾನೆ. ಈಗ ಮಳೆ ಹಿಡಿದು ವಾರವಾಯಿತು, ಮುಂದಿನ ಗಾಲಿಗಳು ಬಿಗಿಯಾಗಿ ಕಿರ್ ಎಂದು ಕೂಗುತ್ತಿವೆ. ಎಣ್ಣೆ ಬಿಡಲೇ?

ಗದಗಿನ ಬಡಿಗ

ಬಿಡಬೇಡಿ. ಧಾರವಾಡದ ಮಳೆಗೆ ಕಟ್ಟಿಗೆಯ ಅಚ್ಚು ಉಬ್ಬುವುದು ಸಹಜ, ಅಚ್ಚಿಗೂ ತೂತಿಗೂ ನಡುವೆ ಒಂದು ಮಿಲಿಮೀಟರಿನಷ್ಟು ಸಡಿಲ ಬೇಕಿತ್ತು. ನಮ್ಮ ಗದಗಿನ ಒಣ ಹವೆಯಲ್ಲಿ ಅರ್ಧವೇ ಸಾಕಾಗುತ್ತಿತ್ತು. ಅಚ್ಚನ್ನು ಹೊರತೆಗೆದು, ಪಾಲಿಶ್ ಪೇಪರಿನಿಂದ ಸುತ್ತಲೂ ಸಮನಾಗಿ ತಿಕ್ಕಿ, ಮೇಣದಬತ್ತಿಯನ್ನು ಒಣದಾಗಿಯೇ ಉಜ್ಜಿ ಮತ್ತೆ ಹಾಕಿ.

ಕೆಲಗೇರಿ ಅಜ್ಜ

ಹಾಗೆಯೇ ಮಾಡಿದೆ. ಗಾಲಿ ಸಲೀಸಾಗಿ ತಿರುಗುತ್ತಿದೆ, ಸದ್ದು ಪೂರ್ತಿ ನಿಂತಿದೆ. ಮೊಮ್ಮಗ ಎರಡು ಹೆಜ್ಜೆ ತಳ್ಳಿ, ನಿಂತು, ಬಗ್ಗಿ ಗಾಲಿಯನ್ನು ಕೈಯಿಂದ ಬಡಿದು ನೋಡುತ್ತಾನೆ, ಮತ್ತೆ ತಳ್ಳುತ್ತಾನೆ, ಮತ್ತೆ ಬಡಿಯುತ್ತಾನೆ. ಆ ಮೇಣವನ್ನು ಒರೆಸಿ ತೆಗೆಯುವುದು ಹೇಗೆಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.